ಬ್ಲ್ಯಾಕ್‌ಹೀತ್‌ನ ಗ್ರ್ಯಾಂಡ್ ಕ್ಯಾನಿಯನ್ ಸುತ್ತುದಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಡ್ನಿಯಿಂದ ಪಶ್ಚಿಮಕ್ಕೆ ಸುಮಾರು 110 ಕಿ.ಮೀ. ಹೋದರೆ ಬ್ಲ್ಯಾಕ್‌ಹೀತ್ ಎಂಬ ಬೆಟ್ಟದೂರು. ಅದರ ಅಂಚಿನಲ್ಲಿ, ಬ್ಲೂ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದೊಳಗೆ, ಅರ್ಧ ದಿನದಲ್ಲಿ ಮುಗಿಯುವ ಈ ಸುತ್ತುದಾರಿ ಇದೆ. 1907ರಲ್ಲಿ ತೆರೆದ ಹಳೆಯ ದಾರಿ. ಮೆಟ್ಟಿಲುಗಳನ್ನು ಈಚಿನ ವರ್ಷಗಳಲ್ಲಿ ದುರಸ್ತಿ ಮಾಡಿದ್ದಾರೆ. 2019ರ ಕೊನೆಯಲ್ಲಿ ಇದರ ಪಕ್ಕದ ಗ್ರೋಸ್ ಕಣಿವೆ ಬೆಂಕಿಗೆ ತುತ್ತಾಯಿತು. ಬೆಂಕಿಯ ನಂತರ ಕಾಡು ಹೇಗೆ ಎದ್ದು ನಿಲ್ಲುತ್ತದೆ ಎಂಬುದನ್ನು ಕಣ್ಣಾರೆ ನೋಡಲು ಇದು ಒಳ್ಳೆಯ ಜಾಗ. ಸಿಡ್ನಿಯ ಕನ್ನಡ ಕುಟುಂಬಗಳು, ಊರಿಂದ ಬಂದ ನೆಂಟರು, ಮೊದಲ ಸಲ ಬೂಟು ಕಟ್ಟುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಒಟ್ಟು ಎಷ್ಟು ದೂರ? ಎಷ್ಟು ಹೊತ್ತು ಬೇಕು?

ಸುಮಾರು 6.3 ಕಿ.ಮೀ. ಅಭ್ಯಾಸ ಇದ್ದವರಿಗೆ ಮೂರೂವರೆಯಿಂದ ನಾಲ್ಕು ಗಂಟೆ. ಮಕ್ಕಳಿದ್ದರೆ, ಫೋಟೊ ತೆಗೆಯುವವರಿದ್ದರೆ ಐದು ಗಂಟೆ ಇಟ್ಟುಕೊಳ್ಳಿ. ಆರು ಕಿಲೋಮೀಟರ್ ಎಂದ ಕೂಡಲೇ "ಎರಡು ಗಂಟೆ ಸಾಕು" ಎಂದು ಲೆಕ್ಕ ಹಾಕಿ ಮಧ್ಯಾಹ್ನ 2ಕ್ಕೆ ಇಳಿಯುವವರು ಬಹಳ. ಸಮತಟ್ಟು ರಸ್ತೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದಾರಿಯ ಬಹುಪಾಲು ಮೆಟ್ಟಿಲು, ಒದ್ದೆ ಬಂಡೆ, ತೊರೆಯಲ್ಲಿ ಇಟ್ಟ ಕಲ್ಲುಗಳು. ಒಂದೊಂದು ಹೆಜ್ಜೆಯನ್ನೂ ನೋಡಿ ಇಡಬೇಕಾದ ಕಡೆ ಗಂಟೆಗೆ ಎರಡು ಕಿ.ಮೀ. ದಾಟಿದರೆ ಅದೇ ಹೆಚ್ಚು.

ಬೆಳಿಗ್ಗೆ 9ರೊಳಗೆ ಶುರು ಮಾಡಿ. ಜೂನ್ ಕೊನೆಯಲ್ಲಿ ಸಂಜೆ 5ಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಕಂದರದೊಳಗೆ ಬೆಳಕು ಅದಕ್ಕೂ ಬಹಳ ಮುಂಚೆಯೇ ಕುಂದುತ್ತದೆ. ವಾರಾಂತ್ಯದಲ್ಲಿ ತಡವಾಗಿ ಹೋದರೆ ಕಾರು ನಿಲ್ಲಿಸಲೂ ಜಾಗ ಸಿಗದು.

"ಮಧ್ಯಮ" ಎಂದು ಬರೆದಿರುತ್ತಾರೆ. ವಾರಕ್ಕೊಮ್ಮೆ ಪಾರ್ಕಿನಲ್ಲಿ ನಡೆಯುವವರಿಗೆ ಆಗುತ್ತದೆಯೇ?

ಆಗುತ್ತದೆ, ಒಂದು ವಿಷಯ ತಿಳಿದು ಹೊರಟರೆ. ಕರ್ನಾಟಕದಲ್ಲಿ ಬೆಟ್ಟ ಹತ್ತುವವರಿಗೆ ರೂಢಿಯಾದ ಕ್ರಮವೇ ಬೇರೆ: ಮೈ ತಾಜಾ ಇರುವಾಗ ಹತ್ತುತ್ತೇವೆ, ದಣಿದ ಮೇಲೆ ಇಳಿಯುತ್ತೇವೆ. ಬ್ಲೂ ಮೌಂಟನ್ಸ್‌ನಲ್ಲಿ ಊರು, ರಸ್ತೆ, ರೈಲು ಎಲ್ಲವೂ ಮೇಲಿನ ಪ್ರಸ್ಥಭೂಮಿಯಲ್ಲಿವೆ. ಬ್ಲ್ಯಾಕ್‌ಹೀತ್ ಇರುವುದೇ ಸುಮಾರು 1,065 ಮೀಟರ್ ಎತ್ತರದಲ್ಲಿ. ಅಲ್ಲಿಂದ ಕೆಳಗಿಳಿದು ಕಂದರ ಸುತ್ತಿ, ಕೊನೆಯಲ್ಲಿ ಹತ್ತಿ ಬರಬೇಕು. ಇಳಿಯುವಾಗ ಸಲೀಸು ಅನ್ನಿಸಿ ಓಡುನಡಿಗೆಯಲ್ಲಿ ಹೋದವರ ಮೊಣಕಾಲು ಕೊನೆಯ ಏರಿನಲ್ಲಿ ನಡುಗುತ್ತದೆ. ಆ ಏರು ಒಂದೇ ಬೀಸಿನಲ್ಲಿ ಸುಮಾರು 200 ಮೀಟರ್ ಎತ್ತರಕ್ಕೆ, ಬಹುತೇಕ ಮೆಟ್ಟಿಲು.

ಮನೆಯ ಹತ್ತಿರ ಹತ್ತು ಮಹಡಿಯ ಕಟ್ಟಡವಿದ್ದರೆ, ಬೆನ್ನಿಗೆ ನಾಲ್ಕು ಕಿಲೋ ಹೇರಿಕೊಂಡು ಎರಡು ಸಲ ಹತ್ತಿಳಿದು ನೋಡಿ. ಮರುದಿನ ಕಾಲು ಸರಿಯಾಗಿದ್ದರೆ ಈ ದಾರಿ ನಿಮಗೆ ಸಾಧ್ಯ. ಆಸ್ಟ್ರೇಲಿಯದಲ್ಲಿ ಕಾಲುದಾರಿಗಳಿಗೆ 1ರಿಂದ 5ರವರೆಗೆ ದರ್ಜೆ ಕೊಡುತ್ತಾರೆ: 1 ಎಂದರೆ ಗಾಲಿಕುರ್ಚಿ ಹೋಗುವಂಥದು, 5 ಎಂದರೆ ದಾರಿಯೇ ಕಾಣದ ಕಾಡು. ಇದು ನಡುವಿನದು.

ಎಲ್ಲಿಂದ ಶುರು ಮಾಡಬೇಕು? ದಾರಿ ಹೇಗೆ ಸಾಗುತ್ತದೆ?

ಎವನ್ಸ್ ಲುಕ್‌ಔಟ್ ರಸ್ತೆಯಲ್ಲಿ ಎರಡು ಕಡೆ ಕಾರು ನಿಲ್ಲಿಸಬಹುದು: ಗ್ರ್ಯಾಂಡ್ ಕ್ಯಾನಿಯನ್ ಕಾರ್ ಪಾರ್ಕ್, ಅಥವಾ ರಸ್ತೆಯ ತುದಿಯ ಎವನ್ಸ್ ಲುಕ್‌ಔಟ್. ಎರಡರ ನಡುವಿನ ತುಣುಕು ಹೆಚ್ಚು ಏರಿಳಿತವಿಲ್ಲದ್ದು. ನಮ್ಮ ಸಲಹೆ: ಕಾರನ್ನು ಎವನ್ಸ್ ಲುಕ್‌ಔಟ್‌ನಲ್ಲಿ ಬಿಟ್ಟು, ಈ ಸಮತಟ್ಟು ತುಣುಕನ್ನು ಮೊದಲೇ ನಡೆದು ಮುಗಿಸಿ, ಗ್ರ್ಯಾಂಡ್ ಕ್ಯಾನಿಯನ್ ಕಾರ್ ಪಾರ್ಕ್ ಬಳಿಯ ನೀಟ್ಸ್ ಗ್ಲೆನ್ ಎಂಬ ಕೊರಕಲಿನ ಕಡೆಯಿಂದ ಕಂದರಕ್ಕೆ ಇಳಿಯಿರಿ. ಮೈ ಬೆಚ್ಚಗಾಗಿರುತ್ತದೆ; ಕೊನೆಯ ಏರು ಮುಗಿದ ಕೂಡಲೇ ಎದುರಿಗೆ ಕಣಿವೆಯ ನೋಟ, ಪಕ್ಕದಲ್ಲೇ ಕಾರು.

ನೀಟ್ಸ್ ಗ್ಲೆನ್‌ನ ಇಳಿಜಾರು ಶುರುವಾಗುವುದು ಒಣ ಕಾಡಿನಲ್ಲಿ. ಅಲ್ಲಿ ನೀಲಗಿರಿ ಜಾತಿಯ ಮರಗಳು, ಬ್ಯಾಂಕ್ಸಿಯ ಪೊದೆಗಳು, ಕಾಲಡಿ ಮರಳು. ಮೆಟ್ಟಿಲು ತಿರುಗುತ್ತ ಹೋದಂತೆ ಗಾಳಿ ತಣ್ಣಗಾಗುತ್ತದೆ, ಜರೀಗಿಡಗಳು ಕಾಣುತ್ತವೆ, ಬಂಡೆಗಳಿಗೆ ಪಾಚಿ ಹತ್ತಿರುತ್ತದೆ. ಕೆಳಗೆ ಗ್ರೀವ್ಸ್ ಕ್ರೀಕ್ ಎಂಬ ತೊರೆ ಸಿಗುತ್ತದೆ. ಅಲ್ಲಿಂದ ಮುಂದೆ ದಾರಿ ಬಂಡೆಗೋಡೆಯ ಮಗ್ಗುಲಿನ ಕಟ್ಟೆಯ ಮೇಲೆ ಸಾಗುತ್ತದೆ. ಒಂದು ಕಡೆ ಚಾಚಿಕೊಂಡ ಬಂಡೆ, ಇನ್ನೊಂದು ಕಡೆ ಬಹಳ ಆಳದಲ್ಲಿ, ಕೈ ಚಾಚಿದರೆ ಎದುರು ಗೋಡೆ ಸಿಕ್ಕೀತು ಅನ್ನುವಷ್ಟು ಕಿರಿದಾದ ಸೀಳಿನಲ್ಲಿ ನೀರು ಹರಿಯುವ ಸದ್ದು. ಆ ಸೀಳಿಗೆ ಇಳಿಯುವುದು ಹಗ್ಗ ಕಟ್ಟಿ ಕ್ಯಾನಿಯನಿಂಗ್ ಮಾಡುವವರು ಮಾತ್ರ. ನಡೆಯುವವರು ಬೇಲಿಯಿಂದಾಚೆ ಬಗ್ಗಿ ನೋಡುವ ಸಾಹಸ ಬೇಡ. ಅಂಚಿನ ಮಣ್ಣು ಗಟ್ಟಿಯಿಲ್ಲ.

ನಡುವೆ ಒಂದು ಚಿಕ್ಕ ಸುರಂಗ ಇದೆ. ಕತ್ತಲು ಸ್ವಲ್ಪ ಹೊತ್ತೇ, ಆದರೆ ನೆಲ ಒದ್ದೆ, ಎತ್ತರದವರು ತಲೆ ತಗ್ಗಿಸಬೇಕು. ಆಮೇಲೆ ತೊರೆಯನ್ನು ಕಲ್ಲುಗಳ ಮೇಲೆ ಕಾಲಿಟ್ಟು ದಾಟುವ ಕಡೆಗಳಿವೆ. ಇಲ್ಲಿ ಜಾರಿ ಬೀಳುವವರು ಹೆಚ್ಚು. ಬೀಳುವುದಕ್ಕೆ ಕಾರಣ ಸಾಮಾನ್ಯವಾಗಿ ಒಂದೇ: ಕಲ್ಲಿನಿಂದ ಕಲ್ಲಿಗೆ ಹಾರುವುದು. ಹಾರಬೇಡಿ. ಒಂದು ಕಾಲು ಊರಿ, ಭಾರ ಬದಲಿಸಿ, ಆಮೇಲೆ ಇನ್ನೊಂದು ಕಾಲು. ಕಲ್ಲು ಕಪ್ಪಗೆ ಹೊಳೆಯುತ್ತಿದ್ದರೆ ಅದರ ಮೇಲೆ ಪಾಚಿಯಿದೆ ಎಂದರ್ಥ. ಅದಕ್ಕಿಂತ ಬೂಟು ಒದ್ದೆಯಾದರೂ ಸರಿ, ನೀರಿನಲ್ಲೇ ಕಾಲಿಡುವುದು ಕ್ಷೇಮ.

ದಾರಿ ತಪ್ಪುವ ಸಾಧ್ಯತೆ ಇದೆಯೇ?

ಬಹುಪಾಲು ದಾರಿಗೆ ಕವಲೇ ಇಲ್ಲ. ಎಚ್ಚರ ಬೇಕಾದದ್ದು ಕಂದರ ಅಗಲವಾಗುವ ಕಡೆ ಸಿಗುವ ಕೂಡುದಾರಿಯಲ್ಲಿ. ಅಲ್ಲಿ ಎಡಕ್ಕೆ ಮೇಲೇರುವುದು ಎವನ್ಸ್ ಲುಕ್‌ಔಟ್ ದಾರಿ. ಕೆಳಕ್ಕೆ ಮುಂದುವರಿಯುವುದು ಬೀಚಮ್ ಜಲಪಾತ ಮತ್ತು ರಾಡ್ರಿಗಸ್ ಪಾಸ್ ಕಡೆಗೆ. ಇಳಿಜಾರು ಕಾಲನ್ನು ತಾನಾಗಿ ಎಳೆಯುತ್ತದೆ, ಮಾತಾಡುತ್ತ ಹೋದವರು ಫಲಕ ನೋಡದೆ ಕೆಳಗಿಳಿದುಬಿಡುತ್ತಾರೆ. ಆ ದಾರಿ ಒರಟು, ಗ್ರೋಸ್ ಕಣಿವೆಯ ಆಳಕ್ಕೆ ಹೋಗುತ್ತದೆ. ಭೂಕುಸಿತ, ಬಂಡೆಕುಸಿತದಿಂದ ಮುಚ್ಚಿರುವುದೂ ಉಂಟು. ಎಡಕ್ಕೆ ಮೆಟ್ಟಿಲು ಹತ್ತುತ್ತಿದ್ದೀರಿ ಎಂದಾದರೆ ಸರಿಯಾಗಿದ್ದೀರಿ. ಹದಿನೈದು ನಿಮಿಷ ಸತತ ಇಳಿಯುತ್ತಲೇ ಇದ್ದರೆ ನಿಂತು, ಹಿಂದಿರುಗಿ.

ಕಾಡು ಸುಟ್ಟುಹೋಗಿತ್ತಲ್ಲ, ಈಗ ನೋಡಲು ಏನಿದೆ?

ನೋಡಬೇಕಾದ್ದೇ ಅದು. ಗಾಸ್ಪರ್ಸ್ ಮೌಂಟನ್ ಬೆಂಕಿ 2019ರ ಅಕ್ಟೋಬರ್ ಕೊನೆಯಲ್ಲಿ ಸಿಡಿಲಿನಿಂದ ಹತ್ತಿ, 5 ಲಕ್ಷ ಹೆಕ್ಟೇರಿಗೂ ಹೆಚ್ಚು ಸುಟ್ಟಿತು. ಆ ಡಿಸೆಂಬರಿನಲ್ಲಿ ಗ್ರೋಸ್ ಕಣಿವೆಗೂ ಬೆಂಕಿ ಇಳಿಯಿತು. ಚಾರಣಿಗರು ಪೂಜ್ಯವೆಂದೇ ಭಾವಿಸುವ ಬ್ಲೂ ಗಮ್ ಫಾರೆಸ್ಟ್ ಕೂಡ ಸುಟ್ಟಿತು. ಗ್ರೇಟರ್ ಬ್ಲೂ ಮೌಂಟನ್ಸ್ ವಿಶ್ವಪರಂಪರೆಯ ತಾಣದ ಸುಮಾರು 80 ಪ್ರತಿಶತ ಆ ಬೇಸಿಗೆಯಲ್ಲಿ ಬೆಂಕಿ ಕಂಡಿತು. 2020ರ ಫೆಬ್ರವರಿಯ ಭಾರಿ ಮಳೆ ಉಳಿದ ಕೆಂಡವನ್ನು ಆರಿಸಿತು.

ಬೆಂಕಿ ಎಲ್ಲ ಕಡೆ ಒಂದೇ ಸಮ ಸುಡುವುದಿಲ್ಲ. ಒಣ ದಿಬ್ಬದಲ್ಲಿ ಮರದ ನೆತ್ತಿಯವರೆಗೂ ಹೋಗುತ್ತದೆ, ಒದ್ದೆ ಕೊರಕಲಿನ ಬಾಯಿಗೆ ಬಂದು ನಿಂತುಬಿಡುತ್ತದೆ. ಹೀಗಾಗಿ ಈ ಸುತ್ತಿನಲ್ಲಿ, ಎವನ್ಸ್ ಲುಕ್‌ಔಟ್‌ನಿಂದ ಕಾಣುವ ಕಣಿವೆಯಲ್ಲಿ, ಕಾಡಿನ ಬೇರೆ ಬೇರೆ ವಯಸ್ಸುಗಳು ಒಟ್ಟಿಗೇ ಕಾಣುತ್ತವೆ.

ಕಪ್ಪಾದ ಕಾಂಡ ಕಂಡಲ್ಲಿ ಒಂದು ನಿಮಿಷ ನಿಲ್ಲಿ. ಕೊಂಬೆಯಿಲ್ಲದ ಎತ್ತರದಲ್ಲೂ ಕಾಂಡದಿಂದಲೇ ನೇರ ಹೊರಟ ಎಲೆಗೊಂಚಲುಗಳಿದ್ದರೆ, ಆ ಮರ ದಪ್ಪ ತೊಗಟೆಯ ಅಡಿಯಲ್ಲಿ ಮೊಗ್ಗುಗಳನ್ನು ಕಾಪಿಟ್ಟಿತ್ತು ಎಂದು ತಿಳಿಯಿರಿ. ಬೆಂಕಿ ನೆತ್ತಿಯ ಎಲೆಗಳನ್ನು ತೆಗೆದಾಗ ಮೇಲಿನಿಂದ ಬರುತ್ತಿದ್ದ ತಡೆ ಹೋಗಿ, ಆ ಮೊಗ್ಗುಗಳು ಕೆಲವೇ ವಾರಗಳಲ್ಲಿ ಎದ್ದವು. ಇನ್ನು ಕೆಲವು ಮರಗಳಿಗೆ ಬುಡದಲ್ಲೇ, ಮಣ್ಣಿನ ಮಟ್ಟದಲ್ಲಿ, ಗಡ್ಡೆಯಂಥ ಉಬ್ಬು ಇರುತ್ತದೆ. ಮೇಲಿನದೆಲ್ಲ ಸತ್ತರೂ ಅಲ್ಲಿಂದ ಐದಾರು ಹೊಸ ಕಾಂಡ ಹೊರಡುತ್ತವೆ. ನ್ಯೂ ಸೌತ್ ವೇಲ್ಸ್‌ನ ರಾಜ್ಯಪುಷ್ಪ ವಾರಟಾ ಕೂಡ ಇದೇ ಉಪಾಯದ್ದು. ಬೆಂಕಿಯ ನಂತರ ಎರಡನೆಯ ಮೂರನೆಯ ವಸಂತದಲ್ಲಿ ಅದರ ಕೆಂಪು ಹೂ ಧಾರಾಳ.

ಎಲ್ಲ ಗಿಡಮರಗಳೂ ಹೀಗೆ ಚಿಗುರುತ್ತವೆಯೇ?

ಇಲ್ಲ. "ಆಸ್ಟ್ರೇಲಿಯದ ಕಾಡಿಗೆ ಬೆಂಕಿ ಒಳ್ಳೆಯದೇ" ಎಂಬ ಮಾತು ಇಲ್ಲಿ ಅರ್ಧ ಸತ್ಯ. ಹೀತ್ ಬ್ಯಾಂಕ್ಸಿಯದಂಥ ಪೊದೆಗಳು, ಹಾಕಿಯ (Hakea) ಎಂಬ ಪೊದೆಯ ಹಲವು ಜಾತಿಗಳು ಬೆಂಕಿಗೆ ಸತ್ತೇಹೋಗುತ್ತವೆ. ಅವುಗಳ ಬದುಕು ಪೂರ್ತಿ ಬೀಜದಲ್ಲಿದೆ. ಮರದಂಥ ಗಟ್ಟಿ ಕಾಯಿಗಳು ಬೆಂಕಿಯ ಕಾವಿಗೆ ಬಾಯಿ ಬಿಟ್ಟು, ಬೂದಿಯ ಮೇಲೆ ಬೀಜ ಉದುರಿಸುತ್ತವೆ. ಆ ಸಸಿ ಹೂ ಬಿಡಲು ಕೆಲವು ವರ್ಷ ಬೇಕು, ಮುಂದಿನ ಬೆಂಕಿಗೆ ಸಾಕಾಗುವಷ್ಟು ಬೀಜ ಕೂಡಿಡಲು ಇನ್ನಷ್ಟು ವರ್ಷ. ಅಷ್ಟರೊಳಗೆ ಎರಡನೆಯ ಬೆಂಕಿ ಬಂದರೆ ಆ ಜಾಗದಲ್ಲಿ ಆ ಜಾತಿ ಇಲ್ಲವಾಗುತ್ತದೆ. ಬ್ಲೂ ಮೌಂಟನ್ಸ್ ಆ್ಯಶ್ ಎಂಬ ನುಣುಪು ಬಿಳಿ ಕಾಂಡದ ನೀಲಗಿರಿ ಜಾತಿಯದೂ ಇದೇ ಪಾಡು: ತೀವ್ರ ಬೆಂಕಿಗೆ ಸಾಯುತ್ತದೆ, ಬೀಜದಿಂದಲೇ ಮತ್ತೆ ಹುಟ್ಟಬೇಕು. ಬೆಂಕಿಗಳ ನಡುವಿನ ಬಿಡುವು ಕಡಿಮೆಯಾಗುತ್ತಿರುವುದೇ ಈ ಕಾಡಿನ ಇವತ್ತಿನ ನಿಜವಾದ ಗಂಡಾಂತರ.

ಕೆಲವಕ್ಕೆ ಬೆಂಕಿಯ ಹೊಗೆಯೇ ಎಚ್ಚರಿಸುವ ಕರೆ. 2020–21ರ ಬೇಸಿಗೆಯಲ್ಲಿ ಸುಟ್ಟ ದಿಬ್ಬಗಳ ಮೇಲೆ ಪಿಂಕ್ ಫ್ಲಾನೆಲ್ ಫ್ಲವರ್ ಎಂಬ ಅಪರೂಪದ ಹೂ ಹಾಸಿಗೆಯಂತೆ ಅರಳಿತು. ಅದರ ಬೀಜ ವರ್ಷಗಟ್ಟಲೆ ಮಣ್ಣಿನಲ್ಲಿ ಮಲಗಿದ್ದು, ಬೆಂಕಿಯಾಗಿ ಮಳೆ ಬಂದ ಮೇಲಷ್ಟೇ ಏಳುತ್ತದೆ. ಕಾಡು ಮುಚ್ಚಿಕೊಂಡಂತೆ ಅದು ಮತ್ತೆ ಮಣ್ಣಿಗೆ ಮರಳುತ್ತದೆ. ಈಗ ಅದನ್ನೇ ಹುಡುಕಿಕೊಂಡು ಹೋದರೆ ನಿರಾಶೆಯಾದೀತು.

ಕಂದರದ ತಳದ ಕೋಚ್‌ವುಡ್, ಸಾಸಾಫ್ರಾಸ್ ಮರಗಳು ಮಳೆಕಾಡಿನವು. ಅವುಗಳಿಗೆ ಬೆಂಕಿಯ ಅಭ್ಯಾಸವಿಲ್ಲ, ತೇವವೇ ಕಾವಲು. ಕೊಡಗು, ಚಿಕ್ಕಮಗಳೂರಿನವರಿಗೆ ಮೇಲಿನ ಒಣ ಕಾಡಿನಲ್ಲೊಂದು ಪರಿಚಯ ಸಿಗುತ್ತದೆ: ಕಾಫಿತೋಟದ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಆಸ್ಟ್ರೇಲಿಯದ್ದೇ, ವಾರಟಾ ಮತ್ತು ಬ್ಯಾಂಕ್ಸಿಯ ಅದರ ಕುಟುಂಬದವೇ.

ಫೋಟೊಗೆಂದು ದಾರಿ ಬಿಟ್ಟು ನಾಲ್ಕು ಹೆಜ್ಜೆ ಹೋದರೆ ಏನಾಗುತ್ತದೆ?

ಬೆಂಕಿಯ ನಂತರ ಮರಳುಗಲ್ಲಿನ ಮೇಲಿನ ತೆಳು ಮಣ್ಣನ್ನು ಹಿಡಿದಿಟ್ಟಿರುವುದು ಪಾಚಿ, ಕಲ್ಲುಹೂವು ಮತ್ತು ಬೆರಳುದ್ದದ ಸಸಿಗಳು. ಒಬ್ಬರು ತುಳಿದ ಗುರುತು ಇನ್ನೊಬ್ಬರಿಗೆ ದಾರಿಯಂತೆ ಕಾಣುತ್ತದೆ. ಮುಂದಿನ ಜೋರು ಮಳೆಗೆ ಆ ಗುರುತೇ ಕಾಲುವೆಯಾಗಿ ಮಣ್ಣು ಕೊಚ್ಚಿಹೋಗುತ್ತದೆ. ಇಲ್ಲಿನ ಬೆಟ್ಟದ ಜೌಗುಗಳಲ್ಲಂತೂ ಕಾಲಿಡಲೇಬಾರದು. ಇಳಿಜಾರಿನಲ್ಲಿ ಹುಲ್ಲು, ಜರೀಗಿಡ ದಟ್ಟವಾಗಿ ಬೆಳೆದು ನೀರು ಜಿನುಗುತ್ತಿರುವ ಜಾಗಗಳು ಅವು. ಮಳೆ ನೀರನ್ನು ಹಿಡಿದಿಟ್ಟು ತಿಂಗಳುಗಟ್ಟಲೆ ತೊರೆಗೆ ಬಿಡುವುದು ಅವೇ. ಅಳಿವಿನಂಚಿನಲ್ಲಿರುವ ಬ್ಲೂ ಮೌಂಟನ್ಸ್ ವಾಟರ್ ಸ್ಕಿಂಕ್ ಎಂಬ ಹಾವುರಾಣಿ ಜಾತಿ ಬದುಕುವುದೂ ಇಂಥ ಜೌಗುಗಳಲ್ಲೇ.

ಬೂಟು ತೊಳೆದು ಬರಬೇಕು ಎನ್ನುತ್ತಾರಲ್ಲ, ಏಕೆ?

ಫೈಟಾಫ್ತೊರ ಎಂಬ ಬೇರುಕೊಳೆ ರೋಗಾಣು ಬೂಟಿಗೆ ಅಂಟಿದ ಮಣ್ಣಿನಲ್ಲಿ ಪಯಣಿಸುತ್ತದೆ. ಬ್ಯಾಂಕ್ಸಿಯ, ವಾರಟಾ, ಗ್ರಾಸ್ ಟ್ರೀಗಳ ಬೇರು ಕೊಳೆತು ಗಿಡ ನಿಂತಲ್ಲೇ ಒಣಗುತ್ತದೆ. ಒಮ್ಮೆ ಮಣ್ಣಿಗೆ ಸೇರಿದರೆ ತೆಗೆಯುವ ದಾರಿಯಿಲ್ಲ. ಮನೆಯಲ್ಲೇ ಬ್ರಶ್‌ನಿಂದ ಅಡಿಯ ಕೊರಕಲುಗಳ ಮಣ್ಣನ್ನೆಲ್ಲ ಉಜ್ಜಿ ತೆಗೆಯಿರಿ, ಆಮೇಲೆ 70 ಪ್ರತಿಶತ ಮೆಥಿಲೇಟೆಡ್ ಸ್ಪಿರಿಟ್ ಸಿಂಪಡಿಸಿ ಒಣಗಲು ಬಿಡಿ. ಮಣ್ಣಿರುವಾಗ ಸ್ಪಿರಿಟ್ ಹೊಡೆದರೆ ಪ್ರಯೋಜನವಿಲ್ಲ, ಅದು ಒಳಗೆ ಇಳಿಯುವುದಿಲ್ಲ. ನಡಿಗೆ ಮುಗಿಸಿ ಹೊರಡುವಾಗಲೂ ಒಮ್ಮೆ ಉಜ್ಜಿ. ವಾಕಿಂಗ್ ಪೋಲ್‌ನ ತುದಿಯನ್ನು ಬಹಳ ಜನ ಮರೆಯುತ್ತಾರೆ.

ಯಾವ ತಿಂಗಳು ಒಳ್ಳೆಯದು?

ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮತ್ತು ಮಾರ್ಚ್‌ನಿಂದ ಮೇ. ವಸಂತದಲ್ಲಿ ಹೂ, ಶರತ್ಕಾಲದಲ್ಲಿ ಸ್ಥಿರ ಹವೆ. ಬೇಸಿಗೆಯಲ್ಲಿ ಕಂದರದ ತಳ ತಂಪಾಗಿದ್ದರೂ ಕೊನೆಯ ಏರಿನಲ್ಲಿ ಬಿಸಿಲು ಹೊಡೆಯುತ್ತದೆ, ಬೆಂಕಿಯ ಭಯವೂ ಇದೆ. ಜುಲೈ ಬೆಳಿಗ್ಗೆ ಸೊನ್ನೆ ಡಿಗ್ರಿಯ ಆಸುಪಾಸು. ನೆರಳಿನ ಮೆಟ್ಟಿಲುಗಳ ಮೇಲೆ ಮಂಜು ಹೆಪ್ಪುಗಟ್ಟಿರಬಹುದು.

ಮಳೆ ಬರುವಂತಿದ್ದರೆ ಹೋಗಬಹುದೇ?

ತುಂತುರು ಸರಿ, ಜೋರು ಮಳೆಯ ಅಥವಾ ಗುಡುಗಿನ ಮುನ್ಸೂಚನೆ ಇದ್ದರೆ ಬೇಡ. ಕಂದರಕ್ಕೆ ನೀರು ಬರುವುದು ಮೇಲಿನ ಊರು, ಹೆದ್ದಾರಿ, ದಿಬ್ಬಗಳಿಂದ. ನಿಮ್ಮ ತಲೆಯ ಮೇಲೆ ಬಿಸಿಲಿದ್ದಾಗಲೂ ಮೇಲ್ಗಡೆ ಬಿದ್ದ ಮಳೆ ಇಲ್ಲಿ ನೀರನ್ನು ಥಟ್ಟನೆ ಏರಿಸಬಲ್ಲದು. ಹಿಂದಿನ ಎರಡು ದಿನ ಭಾರಿ ಮಳೆಯಾಗಿದ್ದರೂ ಮುಂದೂಡಿ; ನೆನೆದ ಮರಳುಗಲ್ಲಿನ ಗೋಡೆಯಿಂದ ಬಂಡೆ ಕಳಚುವುದು ಆಗಲೇ. ತೊರೆ ದಾಟುವಲ್ಲಿ ಇಟ್ಟ ಕಲ್ಲುಗಳು ನೀರಿನಡಿ ಮುಳುಗಿದ್ದರೆ, ಅಥವಾ ನೀರು ಕೆಂಪಗಾಗಿ ಕಸ ತೇಲಿಸುತ್ತಿದ್ದರೆ, ದಾಟದೆ ಬಂದ ದಾರಿಯಲ್ಲೇ ಹಿಂದಿರುಗಿ. "ಇಷ್ಟು ದೂರ ಬಂದಿದ್ದೇವೆ" ಎಂಬ ಲೆಕ್ಕ ಅಪಾಯಕಾರಿ.

ಹೊರಡುವ ದಿನ ಬೆಳಿಗ್ಗೆ ನ್ಯೂ ಸೌತ್ ವೇಲ್ಸ್ ರಾಷ್ಟ್ರೀಯ ಉದ್ಯಾನ ಇಲಾಖೆಯ ಜಾಲತಾಣದಲ್ಲಿ ಈ ದಾರಿ ತೆರೆದಿದೆಯೇ ಎಂದು ನೋಡಿ. ದುರಸ್ತಿ, ಕುಸಿತ ಎಂದು ಮುಚ್ಚುವುದು ಇಲ್ಲಿ ಸಾಮಾನ್ಯ.

ಬೆಂಕಿಯ ಅಪಾಯ ಇದೆ ಎಂದು ಹೇಗೆ ತಿಳಿಯುವುದು?

2022ರ ಸೆಪ್ಟೆಂಬರಿನಿಂದ ದೇಶಕ್ಕೆಲ್ಲ ಒಂದೇ ಮಾಪನ: ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕೆಟಾಸ್ಟ್ರಾಫಿಕ್. ಬ್ಲೂ ಮೌಂಟನ್ಸ್ ಬರುವುದು ಗ್ರೇಟರ್ ಸಿಡ್ನಿ ವಲಯದಲ್ಲಿ. ಎಕ್ಸ್‌ಟ್ರೀಮ್ ಅಥವಾ ಅದಕ್ಕಿಂತ ಮೇಲಿದ್ದರೆ ಕಾಡಿನ ಕಡೆ ಹೋಗಲೇಬೇಡಿ, ಉದ್ಯಾನವನ್ನೇ ಮುಚ್ಚಬಹುದು. ಹೈ ಇದ್ದು ಬಿಸಿಗಾಳಿ ಬೀಸುತ್ತಿದ್ದರೂ ಬೇರೆ ದಿನ ನೋಡಿಕೊಳ್ಳುವುದೇ ಸರಿ. ಕಂದರದೊಳಗಿಂದ ಹೊಗೆ ಕಾಣುವುದೂ ಇಲ್ಲ, ಹೊರಬರಲು ಇರುವುದು ಎರಡೇ ದಾರಿ. ಹಜಾರ್ಡ್ಸ್ ನಿಯರ್ ಮಿ ಎಂಬ ಸರ್ಕಾರಿ ಆ್ಯಪ್ ಹಾಕಿಕೊಂಡು ಬ್ಲ್ಯಾಕ್‌ಹೀತ್ ಸುತ್ತಲಿನ ಎಚ್ಚರಿಕೆ ಬರುವಂತೆ ಮಾಡಿಟ್ಟುಕೊಳ್ಳಿ.

ಸುಟ್ಟು ನಿಂತ ಒಣಮರಗಳ ಕೆಳಗೆ ಕೂರಬಹುದೇ?

ಬೇಡ. ಒಳಗೆ ಪೊಳ್ಳಾದ ಮರಗಳು ವರ್ಷಗಳ ನಂತರವೂ ಸದ್ದಿಲ್ಲದೆ ಕೊಂಬೆ ಕಳಚುತ್ತವೆ. ಜೋರು ಗಾಳಿಯ ದಿನ ಮೇಲಿನ ಒಣ ಕಾಡಿನಲ್ಲಿ ಎಲ್ಲೂ ನಿಲ್ಲದೆ ನಡೆಯಿರಿ. ಹಾಗೆಂದು ಆ ಮರಗಳನ್ನು ಕಡಿದು ತೆಗೆಯಬೇಕೆನ್ನುವುದು ಸರಿಯಲ್ಲ. ಅವುಗಳ ಪೊಟರೆಗಳೇ ಗ್ಯಾಂಗ್‌ಗ್ಯಾಂಗ್ ಕಾಕಟೂ ಎಂಬ ಗಿಳಿಗಳಿಗೂ ರಾತ್ರಿ ಮರದಿಂದ ಮರಕ್ಕೆ ತೇಲುವ ಗ್ಲೈಡರ್ ಎಂಬ ಪ್ರಾಣಿಗಳಿಗೂ ಮನೆ.

ಏನೇನು ಒಯ್ಯಬೇಕು?

ನೀರು ಒಬ್ಬರಿಗೆ 2 ಲೀಟರ್, ಬೇಸಿಗೆಯಲ್ಲಿ 3. ತೊರೆಯ ನೀರು ಎಷ್ಟು ತಿಳಿಯಾಗಿ ಕಂಡರೂ ಕುಡಿಯಬೇಡಿ. ಅಡಿಯಲ್ಲಿ ಹಿಡಿತವಿರುವ ಬೂಟು. ಸವೆದ ಓಟದ ಶೂ ಇಲ್ಲಿ ಜಾರುತ್ತದೆ. ಜೀನ್ಸ್ ಬೇಡ, ಒದ್ದೆಯಾದರೆ ಸಂಜೆಯವರೆಗೂ ಒಣಗದೆ ಕಾಲು ಮರಗಟ್ಟಿಸುತ್ತದೆ. ಬೇಸಿಗೆಯಲ್ಲೂ ಒಂದು ಬೆಚ್ಚನೆಯ ಪದರ ಮತ್ತು ಮಳೆ ಜಾಕೆಟ್ ಚೀಲದಲ್ಲಿರಲಿ: ಬೆವೆತು ಕಂದರದಲ್ಲಿ ಊಟಕ್ಕೆ ಕೂತ ಹತ್ತೇ ನಿಮಿಷಕ್ಕೆ ಚಳಿ ಹತ್ತುತ್ತದೆ. ತಲೆಗೆ ಕಟ್ಟುವ ಟಾರ್ಚ್ ಒಬ್ಬರಿಗೆ ಒಂದು. 10ರಿಂದ 15 ಸೆಂ.ಮೀ. ಅಗಲದ ಎಲಾಸ್ಟಿಕ್ ಬ್ಯಾಂಡೇಜ್ ಕನಿಷ್ಠ ಎರಡು. ಮೊದಲೇ ಫೋನಿಗೆ ಇಳಿಸಿಕೊಂಡ ನಕ್ಷೆ. ಒಂದು ಕಸದ ಚೀಲ.

ಊಟಕ್ಕೆ ಚಪಾತಿ ರೋಲ್, ಪುಳಿಯೋಗರೆ, ಚಿತ್ರಾನ್ನ ಚೆನ್ನಾಗಿ ನಡೆಯುತ್ತವೆ. ಏರು ಶುರುವಾಗುವ ಮುಂಚೆ ಹೊಟ್ಟೆ ಬಿರಿಯ ಉಣ್ಣಬೇಡಿ. ಅರ್ಧ ಕೆಳಗೆ, ಅರ್ಧ ಮೇಲೆ ಎವನ್ಸ್ ಲುಕ್‌ಔಟ್‌ನಲ್ಲಿ. ಏರಿನಲ್ಲಿ ಬಾಯಿಗೆ ಶೇಂಗಾ ಚಿಕ್ಕಿ, ಖರ್ಜೂರ. ಬಾಳೆ, ಕಿತ್ತಳೆ ಸಿಪ್ಪೆಯೂ ಚೀಲಕ್ಕೇ. "ಮಣ್ಣಿಗೆ ಸೇರುತ್ತದೆ ಬಿಡು" ಎನ್ನುತ್ತೇವೆ, ಆದರೆ ಈ ತಂಪು ನೆರಳಿನಲ್ಲಿ ಸಿಪ್ಪೆ ಬೇಗ ಕೊಳೆಯುವುದಿಲ್ಲ, ಉದುರಿದ ಅನ್ನ ಹಕ್ಕಿಗಳ ಚಾಳಿ ಕೆಡಿಸುತ್ತದೆ. ದಾರಿಯಲ್ಲಿ ಶೌಚಾಲಯವಿಲ್ಲ, ಮೇಲೆಯೇ ಮುಗಿಸಿಕೊಂಡು ಇಳಿಯಿರಿ.

ಹಾವು ಕಚ್ಚಿದರೆ?

ಟೈಗರ್ ಸ್ನೇಕ್, ಕಾಪರ್‌ಹೆಡ್, ಕೆಂಪು ಹೊಟ್ಟೆಯ ಕಪ್ಪು ಹಾವು ಈ ಭಾಗದಲ್ಲಿವೆ. ಮಾನವನ ಸದ್ದಿಗೆ ಸಾಮಾನ್ಯವಾಗಿ ತಾವೇ ಸರಿದುಹೋಗುತ್ತವೆ. ಕಚ್ಚಿದರೆ ಕ್ರಮ ಹೀಗೆ. ಕಚ್ಚಿಸಿಕೊಂಡವರನ್ನು ಅಲ್ಲೇ ಕೂರಿಸಿ ಅಥವಾ ಮಲಗಿಸಿ, ಒಂದು ಹೆಜ್ಜೆಯೂ ನಡೆಸಬೇಡಿ. ಗಾಯ ತೊಳೆಯಬೇಡಿ, ಕೊಯ್ಯಬೇಡಿ, ಹೀರಬೇಡಿ. ಕಚ್ಚಿದ ಜಾಗದ ಮೇಲೆ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ, ಇನ್ನೊಂದನ್ನು ಬೆರಳುಗಳ ಬುಡದಿಂದ ಶುರುಮಾಡಿ ಮೇಲಕ್ಕೆ ಇಡೀ ಕಾಲು ಅಥವಾ ಕೈ ಮುಚ್ಚುವವರೆಗೆ ಸುತ್ತಿ. ಉಳುಕಿದ ಕಾಲಿಗೆ ಸುತ್ತುವಷ್ಟೇ ಬಿಗಿ ಇರಲಿ, ರಕ್ತಸಂಚಾರ ನಿಲ್ಲಬಾರದು. ಕೋಲು ಕಟ್ಟಿ ಅಲುಗದಂತೆ ಮಾಡಿ. ಕಚ್ಚಿದ ಜಾಗವನ್ನು ಬ್ಯಾಂಡೇಜಿನ ಮೇಲೆ ಪೆನ್ನಿನಿಂದ ಗುರುತಿಸಿ, ತುರ್ತು ಸಂಖ್ಯೆ 000ಗೆ ಕರೆ ಮಾಡಿ.

ಊರಿನಲ್ಲಿ ನೋಡಿದಂತೆ ಗಾಯದ ಮೇಲ್ಗಡೆ ಹಗ್ಗ ಬಿಗಿಯುವುದು ಬೇಡವೇ ಬೇಡ. ಫನಲ್‌ವೆಬ್ ಜೇಡ ಕಚ್ಚಿದರೂ ಇದೇ ಉಪಚಾರ.

ಉಂಬಳ, ಉಣ್ಣೆ (ಟಿಕ್) ಇವೆಯೇ?

ಮಳೆಯಾದ ಮೇಲೆ ಉಂಬಳ ಇರುತ್ತವೆ, ಮಲೆನಾಡಿನವರಿಗೆ ಹೊಸತಲ್ಲ. ಕಾಲುಚೀಲವನ್ನು ಪ್ಯಾಂಟಿನ ಮೇಲೆ ಎಳೆದುಕೊಳ್ಳಿ. ಕಚ್ಚಿದ್ದರೆ ಉಗುರಿನಿಂದ ಬಾಯಿಯ ಪಕ್ಕ ಸರಿಸಿ ತೆಗೆಯಿರಿ. ಉಣ್ಣೆಯ ವಿಷಯ ಬೇರೆ. ಅದನ್ನು ಬೆರಳಿನಿಂದ ಹಿಂಡಿ ಕೀಳಬಾರದು, ಹಿಂಡಿದರೆ ಜೊಲ್ಲು ಮೈಗೆ ಸೇರಿ ಅಲರ್ಜಿಯಾಗಬಹುದು. ಔಷಧಿ ಅಂಗಡಿಯಲ್ಲಿ ಸಿಗುವ, ಉಣ್ಣೆಯನ್ನು ಹೆಪ್ಪುಗಟ್ಟಿಸುವ ಸ್ಪ್ರೇಯಿಂದ ಇದ್ದಲ್ಲೇ ಕೊಲ್ಲಿ. ಮನೆಗೆ ಬಂದು ಕಿವಿಯ ಹಿಂದೆ, ಕಂಕುಳು, ಕೂದಲಿನ ಅಂಚು ನೋಡಿಕೊಳ್ಳಿ.

ಫೋನ್ ಸಿಗ್ನಲ್ ಸಿಗುತ್ತದೆಯೇ?

ಕಂದರದಲ್ಲಿ ನೆಚ್ಚಿಕೊಳ್ಳುವಂತಿಲ್ಲ. ಅದಕ್ಕೇ ಉಪಗ್ರಹಕ್ಕೆ ತುರ್ತು ಸಂದೇಶ ಕಳಿಸುವ ಪಿಎಲ್‌ಬಿ ಎಂಬ ಕೈಯಳತೆಯ ಸಾಧನ ಒಯ್ಯಿರಿ. ಬ್ಲೂ ಮೌಂಟನ್ಸ್‌ನಲ್ಲಿ ಪೊಲೀಸ್ ಮತ್ತು ಉದ್ಯಾನ ಇಲಾಖೆ ಇದನ್ನು ಉಚಿತವಾಗಿ ಎರವಲು ಕೊಡುತ್ತವೆ. ಕಟೂಂಬ ಪೊಲೀಸ್ ಠಾಣೆ, ಬ್ಲ್ಯಾಕ್‌ಹೀತ್‌ನ ಉದ್ಯಾನ ಕಚೇರಿಯಲ್ಲಿ ಕೇಳಿ. ಜೀವಕ್ಕೆ ಅಪಾಯವಿದ್ದಾಗ ಮಾತ್ರ ಒತ್ತಬೇಕು, ಆಕಾಶ ಕಾಣುವ ಜಾಗದಲ್ಲಿ ಒತ್ತಬೇಕು. ಹೊರಡುವ ಮುಂಚೆ ಉದ್ಯಾನ ಇಲಾಖೆಯ ಜಾಲತಾಣದಲ್ಲಿ ಪ್ರಯಾಣದ ವಿವರದ ಅರ್ಜಿ ತುಂಬಿ, ಎಷ್ಟು ಹೊತ್ತಿಗೆ ವಾಪಸು ಎಂದು ಮನೆಯಲ್ಲಿ ಹೇಳಿಡಿ. ಬೆಂಗಳೂರಿನಲ್ಲಿರುವ ತಂಗಿಗೆ ವಾಟ್ಸ್‌ಆ್ಯಪ್ ಮಾಡಿಟ್ಟರೆ ಸಾಲದು, ಸಿಡ್ನಿಯಲ್ಲಿದ್ದು ಪೊಲೀಸರಿಗೆ ಕರೆ ಮಾಡಬಲ್ಲ ಒಬ್ಬರಿಗೆ ಗೊತ್ತಿರಬೇಕು. ಎಮರ್ಜೆನ್ಸಿ ಪ್ಲಸ್ ಆ್ಯಪ್ ನೀವಿರುವ ಜಾಗದ ಅಕ್ಷಾಂಶ ರೇಖಾಂಶ ತೋರಿಸುತ್ತದೆ.

ಕಾರಿಲ್ಲದೆ ಹೋಗಬಹುದೇ?

ಸಿಡ್ನಿಯ ಸೆಂಟ್ರಲ್ ನಿಲ್ದಾಣದಿಂದ ಬ್ಲೂ ಮೌಂಟನ್ಸ್ ಲೈನ್ ರೈಲಿನಲ್ಲಿ ಬ್ಲ್ಯಾಕ್‌ಹೀತ್‌ಗೆ ಸುಮಾರು ಎರಡು ಗಂಟೆ. ಪ್ಯಾರಮಟಾದಲ್ಲೂ ಹತ್ತಬಹುದು. ನಿಲ್ದಾಣದಿಂದ ದಾರಿಯ ಬಾಯಿಗೆ ನಡೆದರೆ ಒಂದು ಗಂಟೆಯ ಮೇಲಾಗುತ್ತದೆ, ಹೋಗಿ ಬರುವ ಲೆಕ್ಕ ಸೇರಿಸಿದರೆ ಅರ್ಧ ದಿನದ ನಡಿಗೆ ಪೂರ್ತಿ ದಿನದ್ದಾಗುತ್ತದೆ. ಮೂರು ನಾಲ್ಕು ಜನರಿದ್ದರೆ ಟ್ಯಾಕ್ಸಿ ಮೊದಲೇ ಹೇಳಿಡಿ. ವಾರಾಂತ್ಯಗಳಲ್ಲಿ ಹಳಿ ದುರಸ್ತಿಗೆಂದು ರೈಲಿನ ಬದಲು ಬಸ್ ಬಿಡುವುದುಂಟು, ಹಿಂದಿನ ದಿನ ನೋಡಿಕೊಳ್ಳಿ.

ಊರಿಂದ ಬಂದಿರುವ ಅಪ್ಪ ಅಮ್ಮನನ್ನು, ಚಿಕ್ಕ ಮಕ್ಕಳನ್ನು ಕರೆದೊಯ್ಯಬಹುದೇ?

ಏಳೆಂಟು ವರ್ಷ ದಾಟಿದ, ನಡೆದು ಅಭ್ಯಾಸವಿರುವ ಮಕ್ಕಳು ಸರಿ. ಅಂಚಿನ ಕಡೆ ಕೈ ಹಿಡಿದಿರಬೇಕು. ತಳ್ಳುಗಾಡಿ ಸಾಧ್ಯವೇ ಇಲ್ಲ. ಮಂಡಿನೋವಿನ ಹಿರಿಯರಿಗೆ ಈ ಸುತ್ತು ಬೇಡ, ಒಮ್ಮೆ ಇಳಿದರೆ ಹತ್ತದೆ ಗತಿಯಿಲ್ಲ. ಅವರಿಗೆ ಬ್ಲ್ಯಾಕ್‌ಹೀತ್‌ನಲ್ಲೇ ಫೇರ್‌ಫ್ಯಾಕ್ಸ್ ಹೆರಿಟೇಜ್ ವಾಕ್ ಇದೆ. ಗಾಲಿಕುರ್ಚಿಯೂ ಹೋಗುವಂಥ ಸುಮಾರು 2 ಕಿ.ಮೀ. ದಾರಿ, ಗೊವೆಟ್ಸ್ ಲೀಪ್‌ಗೆ ತಲುಪಿಸುತ್ತದೆ. ಅಲ್ಲಿಂದ ಕಾಣುವುದು ಇದೇ ಗ್ರೋಸ್ ಕಣಿವೆ.

ನಾಯಿ? ಡ್ರೋನ್?

ನಾಯಿಗೆ ಪ್ರವೇಶವಿಲ್ಲ. ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ.

ಈ ಕಾಡು ಚೇತರಿಸಿಕೊಳ್ಳಲು ನಾವು ಏನಾದರೂ ಮಾಡಬಹುದೇ? ಸಸಿ ನೆಡಬಹುದೇ?

ಸಸಿ ನೆಡುವುದು ಬೇಡ. ಈ ಮಣ್ಣಿನಲ್ಲಿ ಬೀಜ ಬೇಕಾದಷ್ಟಿದೆ, ಬೇಕಿರುವುದು ಕಳೆಯ ಕಾಟವಿಲ್ಲದ ಜಾಗ. ತೋಟಗಳಿಂದ ತಪ್ಪಿಸಿಕೊಂಡ ಗಾರ್ಸ್, ಸ್ಕಾಚ್ ಬ್ರೂಮ್, ಬ್ಲ್ಯಾಕ್‌ಬೆರಿ, ಹಾಲಿ, ಐವಿ ಇಲ್ಲಿನ ಅಂಚುಗಳನ್ನು ನುಂಗುತ್ತಿವೆ. ಬಂಡೀಪುರದಲ್ಲಿ ಲಂಟಾನ ಮಾಡಿರುವುದನ್ನು ಕಂಡವರಿಗೆ ವಿವರಿಸಬೇಕಿಲ್ಲ. ಬೆಂಕಿಯಾದ ಮೇಲೆ ತೆರೆದ ನೆಲಕ್ಕೆ ಮೊದಲು ನುಗ್ಗುವುದು ಇವೇ.

ಇದಕ್ಕೆ ಇಲ್ಲಿ ಬುಶ್‌ಕೇರ್ ಎಂಬ ಸ್ವಯಂಸೇವಕ ಗುಂಪುಗಳಿವೆ, ಬ್ಲೂ ಮೌಂಟನ್ಸ್ ನಗರಸಭೆ ಅವುಗಳನ್ನು ನಡೆಸುತ್ತದೆ. ಬ್ಲ್ಯಾಕ್‌ಹೀತ್‌ನಲ್ಲೇ ಪೋಪ್ಸ್ ಗ್ಲೆನ್‌ನಲ್ಲಿ ಒಂದು ಗುಂಪಿದೆ. ಕೆಲಸದ ಕ್ರಮ 1960ರ ದಶಕದಲ್ಲಿ ಸಿಡ್ನಿಯ ಮಾಸ್ಮನ್‌ನಲ್ಲಿ ಜೋನ್ ಮತ್ತು ಐಲೀನ್ ಬ್ರ್ಯಾಡ್ಲಿ ಎಂಬ ಸೋದರಿಯರು ರೂಪಿಸಿದ್ದು. ಅದರ ಮೂರು ನಿಯಮಗಳು: ಕಾಡು ಚೆನ್ನಾಗಿರುವ ಕಡೆಯಿಂದ ಶುರುಮಾಡಿ ಕೆಟ್ಟ ಕಡೆಗೆ ಸಾಗಬೇಕು, ಮಣ್ಣನ್ನು ಆದಷ್ಟು ಕದಡದೆ ಕಿತ್ತ ಜಾಗವನ್ನು ಅಲ್ಲಿನ ತರಗೆಲೆಯಿಂದಲೇ ಮುಚ್ಚಬೇಕು, ಸ್ಥಳೀಯ ಗಿಡಗಳು ಬೆಳೆದು ಜಾಗ ತುಂಬುವ ವೇಗಕ್ಕಿಂತ ಬೇಗ ಕಳೆ ಕೀಳಬಾರದು. ಉತ್ಸಾಹದಲ್ಲಿ ಒಂದೇ ದಿನ ಇಡೀ ದಿಬ್ಬ ಬೋಳಿಸಿದರೆ ಮುಂದಿನ ಮಳೆಗೆ ಅಲ್ಲಿ ಮತ್ತೆ ಕಳೆಯೇ ತುಂಬುತ್ತದೆ, ಈ ಸಲ ಇನ್ನೂ ದಟ್ಟವಾಗಿ.

ಸೇರಲು ಅನುಭವ ಬೇಕಿಲ್ಲ. ಉಪಕರಣ, ಕೈಗವಸು, ತರಬೇತಿ ಗುಂಪಿನವರೇ ಕೊಡುತ್ತಾರೆ. ಉದ್ದ ತೋಳಿನ ಅಂಗಿ, ಪೂರ್ತಿ ಮುಚ್ಚುವ ಬೂಟು, ಟೋಪಿ, ನೀರು ನೀವು ತನ್ನಿ. ಬರುವ ಮುಂಚೆ ನಗರಸಭೆಯ ಬುಶ್‌ಕೇರ್ ಕಚೇರಿಗೆ ತಿಳಿಸಿ; ಮಕ್ಕಳಿದ್ದರೆ ದೊಡ್ಡವರೊಬ್ಬರು ಜೊತೆಗಿರಬೇಕು. ಎಳೆಯ ಸಸಿಯಲ್ಲಿ ಯಾವುದು ಕಳೆ, ಯಾವುದು ಬ್ಯಾಂಕ್ಸಿಯ ಎಂದು ಗುರುತಿಸಲು ಬಂದಿಲ್ಲದಿದ್ದರೆ ಕೀಳುವ ಮೊದಲು ಪಕ್ಕದವರನ್ನು ಕೇಳಿ, ಪ್ರತಿ ಸಲವೂ.